ಹದಿನಾಲ್ಕನೇ ನಂಬರಿನ ಮಳಿಗೆ ಮುಚ್ಚಿತ್ತು

ಹರಿಹರದ ಬಸ್ಸು ದೊಡ್ಡಬಾತಿ ದಾಟುತ್ತಿದ್ದಾಗ, ಜೇಬಿನಲ್ಲಿರುವ ಕಾಗದದ ಎರಡನೆಯ ವಾಕ್ಯದಲ್ಲಿ ಜಾಗದ ಹೆಸರೇ ಇಲ್ಲ ಎಂಬುದು ರುದ್ರಮುನಿಗೆ ಮತ್ತೆ ನೆನಪಾಯಿತು. ಕುತುಬುದ್ದೀನ್ ಅವರು ಎರಡು ಸಾವಿರದ ಇಪ್ಪತ್ತೊಂದನೇ ಇಸವಿಯ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ನಮ್ಮ ಬಳಗದ ಸ್ವಯಂಸೇವಕರಾಗಿ ರೋಗಿಗಳ ಸೇವೆಯಲ್ಲಿದ್ದರು ಎಂದು ಬರೆದಿದ್ದ. ಎಲ್ಲಿ ಎಂಬುದನ್ನು ಬರೆದಿರಲಿಲ್ಲ. ಮರೆತು ಬಿಟ್ಟದ್ದಲ್ಲ. ಬೆಳಿಗ್ಗೆ ಊಟದ ಮೇಜಿನ ಮೇಲೆ ಮೂರು ಸಲ ಬರೆದು, ಮೂರು ಸಲವೂ ಆ ಪದ ಬರಬೇಕಾದಲ್ಲಿ ಪೆನ್ನನ್ನು ಎತ್ತಿ ಆಚೆ ಇಟ್ಟಿದ್ದ, ದಾರಿಯಲ್ಲಿ ಸಗಣಿ ಕಂಡವನು ಕಾಲೆತ್ತಿ ಆಚೆ ಇಡುವ ಹಾಗೆ. ಈಗ ತೆಗೆದು ನೋಡೋಣವೆಂದರೆ ಕೈ ಆಡಿಸಲು ಎಡೆಯಿಲ್ಲ. ಬಸ್ಸಿನ ತುಂಬ ಹೆಂಗಸರು, ಎಲ್ಲರ ಮುಷ್ಟಿಯಲ್ಲೂ ದುಡ್ಡಿಲ್ಲದ ಗುಲಾಬಿ ಟಿಕೆಟ್ಟು. ಪಕ್ಕದವಳ ತೊಡೆಯ ಮೇಲಿದ್ದ ಮಗು ಆಧಾರ್ ಕಾರ್ಡಿನ ಒಂದು ಮೂಲೆಯನ್ನು ಚೀಪುತ್ತ ಅವನನ್ನೇ ನೋಡುತ್ತಿತ್ತು. ಮಗುವಿನ ನೋಟವನ್ನು ತಪ್ಪಿಸಲು ಅವನು ಕಿಟಕಿಯ ಆಚೆ ನೋಡಿದ. ಗದ್ದೆ, ಗೋದಾಮು, ಮತ್ತೆ ಗದ್ದೆ, ಒಂದು ಕಲ್ಯಾಣಮಂಟಪದ ಹಿಂಬದಿ. ಮುಂದಿನ ಸೀಟಿನಲ್ಲಿ ಇಬ್ಬರು ಯಾರದೋ ಸೊಸೆಯ ಬಗ್ಗೆ ಮಾತಾಡುತ್ತಿದ್ದರು. ಅವಳು ಬಾಗಿಲು ಹಾಕಿಕೊಂಡು ಫೋನಿನಲ್ಲಿ ಮಾತಾಡುತ್ತಾಳಂತೆ. ಬಾಗಿಲು ಹಾಕಿಕೊಂಡು ಎಂಬ ಮಾತು ಕಿವಿಗೆ ಬಿದ್ದಾಗ ರುದ್ರಮುನಿ ಸುಮ್ಮನೆ ಕನ್ನಡಕ ಒರೆಸಿಕೊಂಡ.

ಕುತುಬುದ್ದೀನನ ಹೆಂಡತಿ ರಹೀಮುನ್ನೀಸಾಳ ಫೋನು ಬೆಳಿಗ್ಗೆ ಆರೂ ಮುಕ್ಕಾಲಿಗೇ ಬಂದಿತ್ತು. ಇವತ್ತೇ ಕಡೇ ದಿನ, ಐದು ಗಂಟೆಯೊಳಗೆ ದಾವಣಗೆರೆಯ ನರ್ಸಿಂಗ್ ಕಾಲೇಜಿನ ಆಫೀಸಿಗೆ ಅರ್ಜಿ ಸೇರಬೇಕು, ನಾಳೆ ಸಂದರ್ಶನ ಎಂದು ಹೇಳಿದ್ದಳು. ಅವಳ ದನಿಯಲ್ಲಿ ದೂರಿರಲಿಲ್ಲ. ದೂರಿದ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಹಿಂದೆ ಮೂರು ಸಲ ಬರುತ್ತೇನೆಂದು ಹೇಳಿ ಮೊಣಕಾಲು ನೋವು, ಆನೆಕೊಂಡದಲ್ಲಿ ಒಂದು ನಿಶ್ಚಿತಾರ್ಥ, ಮತ್ತೆ ಮೊಣಕಾಲು ನೋವು ಎಂದು ತಪ್ಪಿಸಿಕೊಂಡಿದ್ದ. ಮೂರೂ ಸಲ ಅವಳು, ಆರಾಮ್ ತಗಳ್ರಿ ಸರ್, ಅಂದಿದ್ದಳು. ಆ ಕಾಲೇಜಿನಲ್ಲಿ ಒಂದೇ ಒಂದು ಸೀಟು, ಕೊರೊನಾ ಸೇವೆಯಲ್ಲಿದ್ದಾಗ ತೀರಿಕೊಂಡವರ ಮಕ್ಕಳಿಗೆ ಅಂತ ಇತ್ತು. ಫೀಜು, ಹಾಸ್ಟೆಲು, ಊಟ ಎಲ್ಲವೂ ಮಾಫಿ. ಅದಕ್ಕೆ ಸೇವೆ ಮಾಡಿದ ಸಂಸ್ಥೆಯ ಪತ್ರ ಬೇಕು. ಸಂಸ್ಥೆ ಸರ್ಕಾರಿ ಮಳಿಗೆಯಲ್ಲಿದ್ದರೆ ಆ ಪತ್ರಕ್ಕೆ ಮಳಿಗೆ ಕಚೇರಿಯ ಸೀಲು ಬೇಕು. ಮಗಳು ಬುಷ್ರಾ ಪಿಯುಸಿಯಲ್ಲಿ ಎಂಬತ್ತೊಂಬತ್ತು ಪರ್ಸೆಂಟು ತೆಗೆದಿದ್ದಳು. ಸೀಟು ಸಿಗದಿದ್ದರೆ ಅಮ್ಮನ ಜೊತೆ ಕೂತು ಸೀರೆಗೆ ಫಾಲ್ ಹಚ್ಚಬೇಕು, ಇಲ್ಲವೇ ರಹೀಮುನ್ನೀಸಾಳ ಮೈದುನ ತಂದಿಟ್ಟಿರುವ ಗಂಡಿಗೆ ಹ್ಞೂಂ ಅನ್ನಬೇಕು. ಇಷ್ಟನ್ನೂ ಅವಳು ಫೋನಿನಲ್ಲಿ ಹವಾಮಾನ ಹೇಳಿದಷ್ಟೇ ಸಲೀಸಾಗಿ ಹೇಳಿದ್ದಳು. ಮೈದುನನ ಇನ್ನೊಂದು ಮಾತನ್ನು ಮಾತ್ರ ಹೇಳುವ ಮುಂಚೆ ಸ್ವಲ್ಪ ತಡೆದಿದ್ದಳು: ಲಾಕ್‌ಡೌನಿನಾಗ ಮನ್ಯಾಗ ಕೂಡದೆ ಎಲ್ಲೆಲ್ಲೋ ತಿರುಗಿ ರೋಗ ತಂದು ತಾನೂ ಸತ್ತ, ತಾಯೀನೂ ಕೊಂದ ಅಂತಾನೆ ಸರ್. ಒಂದು ಕಾಗದ ಇದ್ರ ತೋರಿಸ್ಬಹುದಿತ್ತು.

ಮೂವತ್ತೆರಡು ವರ್ಷ ಕಾಲೇಜಿನ ಲೈಬ್ರರಿಯಲ್ಲಿ ಕೂತ ರುದ್ರಮುನಿಗೆ ಊರಿನಲ್ಲಿ ಒಂದೇ ಒಂದು ಹೆಸರಿತ್ತು. ಅವನು ಅರ್ಜಿ ಬರೆದರೆ ಅಧಿಕಾರಿಗೆ ಎದುರು ಪ್ರಶ್ನೆ ಕೇಳಲು ಸಂದು ಸಿಗುವುದಿಲ್ಲ. ಭಾನುವಾರ ಸಂಜೆ ಅವನ ಮನೆಯಲ್ಲಿ ಸೇರುತ್ತಿದ್ದ ಓದುವ ಬಳಗ, ಹತ್ತು ವರ್ಷ ಜಗತ್ತಿನ ಅನ್ಯಾಯವನ್ನೆಲ್ಲ ಓದಿ ಚರ್ಚಿಸಿ ದಣಿದು, ಕೊನೆಗೆ ಏನಾದರೂ ಮಾಡೋಣ ಎಂದು ಹರಿಹರದಲ್ಲಿ ಸರ್ಕಾರಿ ವಾಣಿಜ್ಯ ಸಂಕೀರ್ಣದ ಮೊದಲ ಮಹಡಿಯಲ್ಲಿ ಹದಿನಾಲ್ಕನೇ ನಂಬರಿನ ಮಳಿಗೆ ಹಿಡಿದಿತ್ತು. ವಾಕರ್, ಗಾಲಿಕುರ್ಚಿ, ಮಡಚುವ ಮಂಚ, ಹನ್ನೊಂದು ಆಕ್ಸಿಜನ್ ಸಿಲಿಂಡರು. ಬಡವರು ಬಂದು ಸಹಿ ಮಾಡಿ ಒಯ್ಯುವುದು, ಕೆಲಸ ಮುಗಿದ ಮೇಲೆ ತಂದಿಡುವುದು. ಕುತುಬುದ್ದೀನ್ ಬಳಗದಲ್ಲಿ ಏನನ್ನೂ ಓದಿದವನಲ್ಲ. ವೆಲ್ಡಿಂಗ್ ಕೆಲಸದವನು. ಮೊದಲ ಸಲ ಮಳಿಗೆಗೆ ಬಂದದ್ದು ಮಂಚದ ಮುರಿದ ಕಾಲು ಬೆಸೆಯಲು. ಚರ್ಚೆ ನಡೆದಿತ್ತು. ಬಾಗಿಲ ಹತ್ತಿರ ಚಕ್ಕಳಮಕ್ಕಳ ಹಾಕಿ ಕೂತು ಪೂರ್ತಿ ಕೇಳಿದ. ಎದ್ದು ಹೋಗುವಾಗ, ಗುರುಗಳೇ, ನೀವೆಲ್ಲ ಮಾತಾಡಿದ್ದು ಅರ್ಧ ತಿಳೀತು, ಆದ್ರೆ ಆ ಸಿಲಿಂಡರಿನ ವಾಲ್ವು ಸೋರ್ತೈತೆ, ನಾಳೆ ಬಂದು ನೋಡ್ತೀನಿ ಅಂದ. ಎಲ್ಲರೂ ನಕ್ಕಿದ್ದರು. ನಗೆಯಲ್ಲಿ ಮೆಚ್ಚುಗೆ ಎಷ್ಟಿತ್ತು, ಮತ್ತೊಂದು ಎಷ್ಟಿತ್ತು ಎಂದು ರುದ್ರಮುನಿ ಈಗ ಅಳೆಯಲು ನೋಡಿದ. ಬಸ್ಸು ಬ್ರೇಕು ಹಾಕಿತು. ಮಗುವಿನ ಕೈಯಿಂದ ಆಧಾರ್ ಕಾರ್ಡು ಅವನ ಪಾದದ ಮೇಲೆ ಬಿತ್ತು. ಬಗ್ಗಿ ಎತ್ತಿಕೊಟ್ಟಾಗ ಬೆರಳಿಗೆ ಎಂಜಲು ತಾಗಿತು. ಅದನ್ನು ಪ್ಯಾಂಟಿಗೆ ಒರೆಸಿಕೊಳ್ಳಬೇಕೆನ್ನಿಸಿ, ತಾಯಿ ನೋಡುತ್ತಿದ್ದಾಳೆಂದು ಕೈಯನ್ನು ಹಾಗೆಯೇ ಗಾಳಿಯಲ್ಲಿ ಹಿಡಿದುಕೊಂಡಿದ್ದ.

ಎರಡನೇ ಅಲೆಯ ದಿನಗಳಲ್ಲಿ ಅವನು ದೇವರಾಜ ಅರಸು ಬಡಾವಣೆಯ ತನ್ನ ಮಹಡಿ ಮನೆಯಿಂದ ಕೆಳಗೆ ಇಳಿದವನಲ್ಲ. ಹಾಲಿನ ಪಾಕೀಟನ್ನೂ ಹೆಂಡತಿ ಅಕ್ಕನಾಗಮ್ಮ ಸೋಪಿನ ನೀರಿನಲ್ಲಿ ತೊಳೆಯುತ್ತಿದ್ದಳು. ಬಳಗದ ಹನ್ನೆರಡು ಜನರೂ ಹೀಗೆಯೇ ಅವರವರ ಮನೆಗಳಲ್ಲಿ ಕೂತು ವಾಟ್ಸಾಪಿನಲ್ಲಿ ವ್ಯವಸ್ಥೆಯನ್ನು ಬೈಯುತ್ತಿದ್ದರು. ರುದ್ರಮುನಿ ಎಲ್ಲರಿಗಿಂತ ಖಾರವಾಗಿ ಬೈದ. ಹರಿಹರದಲ್ಲಿ ಕುತುಬುದ್ದೀನ್ ಒಬ್ಬನೇ ಬೆಳಿಗ್ಗೆ ಬಾಗಿಲು ತೆಗೆದು, ಸಿಲಿಂಡರನ್ನು ಹೆಗಲ ಮೇಲೆ ಹೊತ್ತು ಮೆಟ್ಟಿಲಿಳಿಸಿ, ಖಾಲಿಯಾದದ್ದನ್ನು ತುಂಬಿಸಿ ತಂದು, ಯಾರ ಮನೆಯ ಅಜ್ಜನಿಗೆ ಎಷ್ಟಕ್ಕೆ ಮೀಟರು ಇಡಬೇಕೆಂದು ಹೇಳಿಕೊಟ್ಟು, ಸಂಜೆ ಫೋನು ಮಾಡಿ ಲೆಕ್ಕ ಒಪ್ಪಿಸುತ್ತಿದ್ದ. ಇವತ್ತು ಆರು ಮನಿಗೆ ಕೊಟ್ಟೆ ಗುರುಗಳೇ, ಒಂದು ವಾಪಸ್ ಬಂತು, ಆ ಮುದುಕಮ್ಮ ಹೋದ್ಲು. ರುದ್ರಮುನಿ ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರಿನಲ್ಲಿ ಕೇಳುತ್ತಿದ್ದ, ಫೋನಿನ ಮೂಲಕವೂ ಏನೋ ಬಂದೀತೆಂಬಂತೆ. ಮೇ ತಿಂಗಳ ಇಪ್ಪತ್ತಮೂರಕ್ಕೆ ಲೆಕ್ಕ ಬರಲಿಲ್ಲ. ಮೂವತ್ತಕ್ಕೆ ಅವನು ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ತೀರಿಕೊಂಡ. ಆಸ್ಪತ್ರೆ ರುದ್ರಮುನಿಯ ಮನೆಯಿಂದ ನಡೆದುಕೊಂಡು ಹೋಗುವಷ್ಟು ದೂರ.

ಆಮೇಲೆ ಆದೇಶ ಬಂತು. ಸರ್ಕಾರಿ ಮಳಿಗೆಗಳಲ್ಲಿರುವ ವ್ಯಾಪಾರಸ್ಥರಿಗೂ ಧರ್ಮಾರ್ಥ ಸಂಸ್ಥೆಗಳಿಗೂ ಮೂರು ತಿಂಗಳ ಬಾಡಿಗೆ ಮಾಫಿ. ಆ ಅವಧಿಯಲ್ಲಿ ಮಳಿಗೆ ಮುಚ್ಚಿತ್ತು ಎಂದು ಮುಚ್ಚಳಿಕೆ ಬರೆದುಕೊಡಬೇಕು. ಬಾಗಿಲು ತೆಗೆದು ಜನರಿಗೆ ಉಸಿರು ಕೊಟ್ಟವರು ಬಾಡಿಗೆ ಕಟ್ಟಬೇಕು, ಬಾಗಿಲು ಹಾಕಿ ಕೂತವರು ಕಟ್ಟಬೇಕಾಗಿಲ್ಲ. ಆದೇಶ ಮಾಡಿದವರು ಇದನ್ನು ಯೋಚಿಸಿರಲಿಲ್ಲ, ಓದಿದವರೂ ಯೋಚಿಸಲಿಲ್ಲ. ಬಳಗದ ಅಧ್ಯಕ್ಷ, ಹತ್ತಿ ವ್ಯಾಪಾರಿ ಬಕ್ಕೇಶಪ್ಪ, ಎಲ್ಲಾರೂ ಬರ್ಕೊಡಾಕತ್ಯಾರೆ, ನೀವೂ ಬರೀರಿ, ಐದೂವರಿ ಸಾವಿರ ಯಾಕ ಬಿಡ್ತೀರಿ ಅಂದ. ರುದ್ರಮುನಿ ಬರೆದ. ಬರೆಯುವಾಗ ಅವನಿಗೆ ಸುಳ್ಳು ಬರೆಯುತ್ತಿದ್ದೇನೆ ಅನ್ನಿಸಲೇ ಇಲ್ಲ. ಆ ತಿಂಗಳುಗಳಲ್ಲಿ ಅವನ ಮಟ್ಟಿಗೆ ಎಲ್ಲವೂ ಮುಚ್ಚಿತ್ತು. ಮಳಿಗೆ ಮುಚ್ಚಿತ್ತು ಎಂದಷ್ಟೇ ಆದೇಶದ ನಮೂನೆಯಲ್ಲಿತ್ತು. ವಾಕ್ಯ ಬೋಳಾಗಿ ಕಂಡಿತು. ‘ಸದರಿ ಅವಧಿಯಲ್ಲಿ ಯಾವುದೇ ವ್ಯಕ್ತಿ ಒಳಗೆ ಪ್ರವೇಶಿಸಿರುವುದಿಲ್ಲ, ಯಾವುದೇ ಚಟುವಟಿಕೆ ನಡೆದಿರುವುದಿಲ್ಲ’ ಎಂದು ತನ್ನದೇ ಒಂದು ಸಾಲು ಸೇರಿಸಿದ. ಯಾರೂ ಕೇಳದ ಸಾಲು. ಮುಗಿಸಿ ಒಮ್ಮೆ ಗಟ್ಟಿಯಾಗಿ ಓದಿಕೊಂಡು, ಅಧಿಕಾರಿಗೆ ಇನ್ನು ಸಂದು ಇಲ್ಲ ಎಂದು ತೃಪ್ತಿಪಟ್ಟಿದ್ದ.

ಹರಿಹರದಲ್ಲಿ ಇಳಿದಾಗ ಎರಡೂವರೆ. ಸಂಕೀರ್ಣದ ಮೆಟ್ಟಿಲ ಕೆಳಗೆ, ಚಪ್ಪಲಿ ಅಂಗಡಿಯ ನೆರಳಿನಲ್ಲಿ ತಾಯಿ ಮಗಳು ನಿಂತಿದ್ದರು. ರಹೀಮುನ್ನೀಸಾ ಅರ್ಜಿಯನ್ನು ಸೀರೆ ಅಂಗಡಿಯ ಹೊಳೆಯುವ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟು, ಕವರನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಹುಡುಗಿ ಎತ್ತರವಾಗಿದ್ದಳು, ಹುಬ್ಬು ಅಪ್ಪನದು. ಹನ್ನೊಂದು ಗಂಟೆಯಿಂದ ನಿಂತಿದ್ದೀವಿ ಎಂದು ಅವರು ಹೇಳಲಿಲ್ಲ. ಅದನ್ನು ಚಪ್ಪಲಿ ಅಂಗಡಿಯವನು ಹೇಳಿದ. ಮಳಿಗೆ ಕಚೇರಿಯ ಗುಮಾಸ್ತ ಊಟಕ್ಕೆ ಹೋಗಿದ್ದ. ಕಾಯುವಾಗ ರಹೀಮುನ್ನೀಸಾ ಹೋಗಿ ಮೂರು ಚಹಾ ತಂದಳು. ರುದ್ರಮುನಿ ಜೇಬಿಗೆ ಕೈ ಹಾಕುವಷ್ಟರಲ್ಲಿ ದುಡ್ಡು ಕೊಟ್ಟಾಗಿತ್ತು. ಕಾಗದದ ಲೋಟದಲ್ಲಿ ಚಹಾ ತೀರಾ ಸಿಹಿ. ಕುಡಿಯುತ್ತ ಹುಡುಗಿಯನ್ನು ಯಾವ ಸಬ್ಜೆಕ್ಟು ಇಷ್ಟ ಎಂದು ಕೇಳಿದ. ಬಯಾಲಜಿ ಸರ್, ಅಂದಳು. ಅವನು ಕತ್ತೆತ್ತಿದ. ಮೇಲೆ ಹದಿನಾಲ್ಕನೇ ಮಳಿಗೆಯ ಬೋರ್ಡು ಕಾಣುತ್ತಿತ್ತು. ಕುತುಬುದ್ದೀನನ ನಂತರ ಅದನ್ನು ವಾರಕ್ಕೆ ಎರಡು ದಿನ ತೆರೆಯುವ ಏರ್ಪಾಟಾಗಿತ್ತು, ಆಮೇಲೆ ಒಂದು ದಿನ.

ಗುಮಾಸ್ತ ಹನುಮೇಶ್ ಮೂರು ದಾಟಿದ ಮೇಲೆ ಬಂದ. ರುದ್ರಮುನಿಯನ್ನು ಕಂಡು ಕೈ ಮುಗಿದ. ನಾನು ನಿಮ್ಮ ಲೈಬ್ರರಿಯಾಗೇ ಓದಿ ಪಾಸಾದವ್ನು ಸರ್, ನಿಮಗೆ ನೆನಪಿರಲಿಕ್ಕಿಲ್ಲ ಅಂತ ಹೇಳಿ ತನ್ನ ಕುರ್ಚಿಯನ್ನೇ ಒರೆಸಿ ಕೊಟ್ಟ. ತಾಯಿ ಮಗಳಿಗೆ ಬೆಂಚು ತೋರಿಸಿದ. ರುದ್ರಮುನಿಗೆ ಕುರ್ಚಿಯಲ್ಲಿ ಕೂರಲು ಮುಜುಗರ; ಕೂರದೇ ಇರಲೂ ಮುಜುಗರ. ಕೂತ. ಪತ್ರವನ್ನು ತೆಗೆದು ಕೊಟ್ಟ. ಹನುಮೇಶ್ ಅದನ್ನು ಓದಿ, ಎರಡನೆಯ ವಾಕ್ಯಕ್ಕೆ ಬಂದು, ನಿರೀಕ್ಷಿಸಿದ ಹಾಗೆಯೇ ಬೆರಳಿಟ್ಟು, ಎಲ್ಲಿ ಸೇವೆ ಅಂತ ಬರಬೇಕಲ್ರಿ ಸರ್ ಇಲ್ಲಿ ಅಂದ. ರುದ್ರಮುನಿ ಮೇಲಿನ ಮಹಡಿಯ ಕಡೆ ಕೈ ತೋರಿಸಿದ. ಹನುಮೇಶನ ಮುಖದಲ್ಲಿ ಏನೋ ಸರಿದಾಡಿತು. ಕಪಾಟಿನಿಂದ ಒಂದು ಕಡತ ತೆಗೆದು, ಧೂಳು ಊದಿ, ಟ್ಯಾಗು ಬಿಚ್ಚಿ, ಮುಚ್ಚಳಿಕೆಯನ್ನು ಮೇಜಿನ ಮೇಲೆ ಹರವಿದ. ದನಿ ತಗ್ಗಿಸುವ ಅಗತ್ಯ ಅವನಿಗೆ ಕಾಣಲಿಲ್ಲ. ಇನ್ನೊಬ್ಬರ ಮುಂದೆ ಗುರುವಿನ ಬರಹವನ್ನು ಓದುವ ಹೆಮ್ಮೆಯಲ್ಲೇ ಓದಿದ. ಯಾವುದೇ ವ್ಯಕ್ತಿ ಒಳಗೆ ಪ್ರವೇಶಿಸಿರುವುದಿಲ್ಲ. ಯಾವುದೇ ಚಟುವಟಿಕೆ ನಡೆದಿರುವುದಿಲ್ಲ.

“ನಿಮ್ಮದನ್ನೇ ಜೆರಾಕ್ಸ್ ಮಾಡಿ ಎಲ್ಲಾ ಅಂಗಡಿಯೋರಿಗೂ ಮಾದರಿ ಕೊಟ್ಟೀವಿ ಸರ್. ನಲವತ್ತೊಂದು ಜನ ಇದನ್ನೇ ನೋಡಿ ಬರ್ಕೊಟ್ಟಾರೆ. ಒಂದಕ್ಕೂ ಆಕ್ಷೇಪಣೆ ಬಂದಿಲ್ಲ.”

ಫ್ಯಾನು ತಿರುಗುತ್ತಿತ್ತು. ಬೆಂಚಿನ ಮೇಲೆ ರಹೀಮುನ್ನೀಸಾ ಮುಚ್ಚಳಿಕೆಯ ಕಡೆ ಕತ್ತು ಚಾಚಿದಳು. ಅವಳಿಗೆ ಇದು ಗೊತ್ತಿರಲಿಲ್ಲ ಎಂಬುದು ರುದ್ರಮುನಿಗೆ ಆಗ ಹೊಳೆಯಿತು. ನಾಲ್ಕು ವರ್ಷ ಅವನು ಅವಳ ಮುಖ ತಪ್ಪಿಸಿದ್ದು ಅವಳಿಗೆ ಎಲ್ಲ ಗೊತ್ತಿದೆ ಎಂಬ ಲೆಕ್ಕದಲ್ಲಿ. ಪ್ರತಿ ಹಬ್ಬಕ್ಕೆ ಅವಳು ಫೋನು ಮಾಡಿ ವಿಚಾರಿಸಿದಾಗ, ಎಷ್ಟು ದೊಡ್ಡ ಮನಸ್ಸು ಎಂದುಕೊಂಡಿದ್ದ. ದೊಡ್ಡ ಮನಸ್ಸಲ್ಲ, ಅವಳಿಗೆ ಯಾರೂ ಹೇಳಿರಲಿಲ್ಲ ಅಷ್ಟೆ.

“ಯಾರೂ ಒಳಗ ಹೋಗಿಲ್ಲ ಅಂತ ಬರ್ದೀರಿ,” ಅಂದಳು ರಹೀಮುನ್ನೀಸಾ. ಅದು ಪ್ರಶ್ನೆಯಾಗಿರಲಿಲ್ಲ. ಆಮೇಲೆ ಕೇಳಿದಳು: “ಹಂಗಾರೆ ಅವ್ರು ದಿನಾ ಎಲ್ಲಿಗೆ ಹೋಗ್ತಿದ್ರು ಸರ್?”

ಅವಳು ನಿಜವಾಗಿ ತಿಳಿಯಲೆಂದೇ ಕೇಳಿದಂತಿತ್ತು. ಮೈದುನನ ಮಾತಿಗೆ ನಾಲ್ಕು ವರ್ಷ ಮನಸ್ಸಿನಲ್ಲಿ ಉತ್ತರ ಕೊಟ್ಟುಕೊಂಡು ಬಂದವಳು, ಈಗ ಒಂದು ಗಳಿಗೆ, ಸರ್ಕಾರದ ಕಾಗದವನ್ನು ಕಂಡು, ಗಂಡ ನಿಜವಾಗಿಯೂ ಎಲ್ಲಿಗೆ ಹೋಗುತ್ತಿದ್ದ ಎಂದು ಸಂಶಯಪಟ್ಟಳೇನೋ. ಆ ಒಂದು ಗಳಿಗೆಯನ್ನು ರುದ್ರಮುನಿ ನೋಡಿದ. ಮಗಳು ತಾಯಿಯ ಮೊಣಕೈ ಹಿಡಿದುಕೊಂಡಳು. ಅವನಿಗೆ ಹನುಮೇಶನ ಮೇಜಿನ ಮೇಲಿನ ಗಾಜು, ಗಾಜಿನ ಕೆಳಗಿನ ಕ್ಯಾಲೆಂಡರು, ಅದರ ಮೇಲೆ ಸತ್ತು ಒಣಗಿದ ಒಂದು ಇರುವೆ ಇವೆಲ್ಲ ಸ್ಪಷ್ಟವಾಗಿ ಕಂಡವು. ಭಾಷಣದಲ್ಲಿ ಎಷ್ಟೋ ಸಲ ಬಳಸಿದ ಒಂದು ಮಾತು ನೆನಪಾಯಿತು, ಸುಳ್ಳಿನ ದಾಖಲೆಗಳ ಅಡಿಯಲ್ಲಿ ಜನ ಹೂತುಹೋಗುತ್ತಾರೆ ಎಂಬುದು. ಅದನ್ನು ಹೇಳಿದಾಗ ಜನ ಚಪ್ಪಾಳೆ ತಟ್ಟಿದ್ದರು. ಚಪ್ಪಾಳೆಯ ಹೊತ್ತಿಗೆ ಈ ಕಡತ ಈ ಕಪಾಟಿನಲ್ಲೇ ಇತ್ತು.

ಒಂದು ಹಾಳೆ ಕೊಡಪ್ಪ ಎಂದು ಹನುಮೇಶನನ್ನು ಕೇಳಿದ. ಬರೆಯತೊಡಗಿದ. ಈ ಮೂಲಕ ನಾನು ಒಪ್ಪಿಕೊಳ್ಳುವುದೇನೆಂದರೆ, ದಿನಾಂಕ ಇಂಥದ್ದರಂದು ನಾನು ಸಲ್ಲಿಸಿದ ಮುಚ್ಚಳಿಕೆ ಸುಳ್ಳು. ಮಳಿಗೆ ಪ್ರತಿದಿನ ತೆರೆದಿತ್ತು. ಕುತುಬುದ್ದೀನ್ ಅವರು ನನ್ನ ಪೂರ್ಣ ಅರಿವಿನಲ್ಲಿ, ನನ್ನ ಸೂಚನೆಯ ಮೇರೆಗೆ, ನಾನು ಮನೆಯಲ್ಲಿ ಸುರಕ್ಷಿತನಾಗಿದ್ದಾಗ ಅಲ್ಲಿದ್ದರು. ಸುರಕ್ಷಿತನಾಗಿದ್ದಾಗ ಎಂಬ ಪದ ತಾನಾಗಿಯೇ ಬಂತು. ಬಂದಾಗ ಕಣ್ಣು ಸ್ವಲ್ಪ ಒದ್ದೆಯಾಯಿತು. ಮರುಗಳಿಗೆಯೇ ಆ ಪದ ಸರಿಯಾದ ಜಾಗದಲ್ಲಿ ಕೂತಿದೆ ಎಂಬ ಸಂತೋಷವೂ ಆಯಿತು. ಕೈ ಓಡುತ್ತಿತ್ತು. ಬೆನ್ನಿನಿಂದ ಏನೋ ಇಳಿದಂತೆ, ವರ್ಷಗಳ ನಂತರ ಉಸಿರು ತಳದವರೆಗೆ ಹೋದಂತೆ. ಒಂದೇ ಅರ್ಥದ ಎರಡು ಪದಗಳಲ್ಲಿ ಒಂದನ್ನು ಹೊಡೆದುಹಾಕಿದ. ಒಂದೂವರೆ ಪುಟ. ಸಹಿ ಮಾಡಿ, ಕೆಳಗೆ ಗೆರೆ ಎಳೆದು, ಹನುಮೇಶನ ಕಡೆ ತಳ್ಳಿ, ಬೆಂಚಿನ ಕಡೆ ನೋಡಿದ. ರಹೀಮುನ್ನೀಸಾ ಗೋಡೆಯ ಗಡಿಯಾರ ನೋಡುತ್ತಿದ್ದಳು. ನಾಲ್ಕಕ್ಕೆ ಹತ್ತು ನಿಮಿಷ.

ಹನುಮೇಶ್ ಎರಡು ಸಲ ಓದಿದ. ಬಹಳ ಚೆನ್ನಾಗಿ ಬರ್ದೀರಿ ಸರ್ ಅಂದ, ವ್ಯಂಗ್ಯವಿಲ್ಲದೆ. ಆಮೇಲೆ ವಿವರಿಸಿದ. ಇದನ್ನು ತಗೊಂಡರೆ ಇನ್‌ವರ್ಡ್ ಮಾಡಬೇಕು. ಮಾಡಿದರೆ ಸಾಹೇಬರ ಟೇಬಲ್ಲಿಗೆ ಹೋಗುತ್ತದೆ. ಅವರು ವಿಚಾರಣೆ ಅನ್ನುತ್ತಾರೆ. ವಿಚಾರಣೆ ಮುಗಿಯುವ ತನಕ ಹದಿನಾಲ್ಕನೇ ಮಳಿಗೆಯ ಯಾವ ಕಾಗದಕ್ಕೂ ಸೀಲು ಹಾಕುವ ಹಾಗಿಲ್ಲ. ನಿಮ್ಮದನ್ನು ನೋಡಿ ಬರೆದ ನಲವತ್ತೊಂದು ಕಡತವನ್ನೂ ತೆಗೀರಿ ಅಂದರೂ ಅಂದಾರು. ಅದರಲ್ಲಿ ಅರ್ಧ ಜನ ಹಿಂದಿನ ಬಾಗಿಲಿನಿಂದ ವ್ಯಾಪಾರ ಮಾಡಿದವರು, ಮೆಟ್ಟಿಲ ಕೆಳಗಿನ ಚಪ್ಪಲಿ ಅಂಗಡಿಯವನೂ ಸೇರಿ. ಆರು ತಿಂಗಳು, ಒಂದು ವರ್ಷ. ಇವರ ಸೀಟು ಇವತ್ತು ಐದು ಗಂಟೆಗೆ ಐತೆ ಸರ್. ರುದ್ರಮುನಿ, ಸತ್ಯ ಹೇಳಿದ ಮೇಲೂ ಸೀಲು ಹಾಕಲ್ಲ ಅಂದ್ರೆ ಹೆಂಗಪ್ಪ ಎಂದು ಗದರಿದ. ಲೈಬ್ರರಿಯಲ್ಲಿ ಹುಡುಗರನ್ನು ಗದರುತ್ತಿದ್ದ ಅದೇ ದನಿ ಬಂತು. ಹನುಮೇಶ್ ಅದೇ ಹುಡುಗನ ಹಾಗೆ ತಲೆ ತಗ್ಗಿಸಿದ. ಕಾಗದವನ್ನು ಮಾತ್ರ ಮುಟ್ಟಲಿಲ್ಲ. ಇದೆಲ್ಲ ನಡೆಯುವಾಗ ರುದ್ರಮುನಿಗೆ ಒಳಗೊಳಗೇ ಒಂದು ಬಗೆಯ ಉತ್ಸಾಹವಿತ್ತು. ಅಧಿಕಾರದ ಎದುರು ಸತ್ಯ ಹಿಡಿದು ಕೂತವನು ತಾನು. ವಿಚಾರಣೆಯಾಗಲಿ, ಮಳಿಗೆ ಹೋಗಲಿ, ಪತ್ರಿಕೆಗೂ ಬರೆಯುತ್ತೇನೆ. ಮೊದಲ ಸಾಲು ಆಗಲೇ ಕಟ್ಟಿಕೊಳ್ಳತೊಡಗಿತ್ತು.

ರಹೀಮುನ್ನೀಸಾ ಎದ್ದು ಮೇಜಿನ ಹತ್ತಿರ ಬಂದಳು.

“ನಿಮ್ಮ ಎದಿ ಹಗುರಾತೇನ್ರಿ ಸರ್?”

ಅವನು ಪೆನ್ನಿಗೆ ಕ್ಯಾಪು ಹಾಕಿದ.

“ಆಗ್ಲಿ. ಈಗ ನನ್ನ ಮಗಳ ಕಾಗದ ಬರ್ಕೊಡ್ರಿ.”

ಬೈದಿದ್ದರೆ ಆ ಬೈಗುಳವನ್ನು ಎದೆಯ ಮೇಲೆ ಹಿಡಿದುಕೊಂಡು ಮನೆಗೆ ಹೋಗಬಹುದಿತ್ತು. ಅವಳು ಹಾಗೆ ಮಾಡಲಿಲ್ಲ. ಜೋಡಿಸಿದ ಫಾಲ್ ಸೊಟ್ಟಗಾಗಿದೆ, ಬಿಚ್ಚಿ ಮತ್ತೆ ಹಚ್ಚು ಎನ್ನುವ ದನಿ ಅದು. ಹನುಮೇಶನೇ ದಾರಿ ಹುಡುಕಿದ. ಅವನಿಗೆ ನಿಜವಾಗಿಯೂ ಸಹಾಯ ಮಾಡುವ ಮನಸ್ಸಿತ್ತು. ಒಂದು ಗಣಿತದ ಲೆಕ್ಕ ಬಿಡಿಸುವ ಹಾಗೆ ಹುಬ್ಬು ಗಂಟಿಕ್ಕಿ ಯೋಚಿಸಿ ಹೇಳಿದ. ಬಳಗ ಮುಚ್ಚಿತ್ತು, ಅದು ಹಂಗೇ ಇರಲಿ. ಇವರ ಯಜಮಾನರು ಬಳಗಕ್ಕೆ ಹೇಳದೆ ಕೇಳದೆ ತಾವೇ ಬಾಗಿಲು ತೆಗೆದು ಸೇವೆ ಮಾಡಿದರು, ಬಳಗಕ್ಕೆ ಅವರು ತೀರಿಕೊಂಡ ಮೇಲೆ ತಿಳೀತು ಅಂತ ಬರೆದರೆ ಮುಚ್ಚಳಿಕೆಯೂ ನಿಲ್ಲುತ್ತದೆ, ಸೇವೆಯೂ ನಿಲ್ಲುತ್ತದೆ. ಅಂಥದ್ದಕ್ಕೆ ಸೀಲು ಹಾಕೋ ಅಧಿಕಾರ ನನಗೇ ಐತೆ ಸರ್. ರುದ್ರಮುನಿ ರಹೀಮುನ್ನೀಸಾಳ ಕಡೆ ನೋಡಿದ. ಅವಳು ಬೇಡ ಅನ್ನಲಿ ಎಂದು ಕಾದ. ಅವಳು ಅನ್ನಲಿಲ್ಲ. ಬಸ್ ನಾಲ್ಕೂ ಕಾಲಿಗೆ ಐತೆ ಅಂದಳು.

ರುದ್ರಮುನಿ ಇನ್ನೊಂದು ಹಾಳೆ ಕೇಳಿದ. ನಿಮ್ಮದರ ಹಿಂದ ಅರ್ಧ ಖಾಲಿ ಐತಲ್ರಿ, ಅದ್ರ ಮ್ಯಾಲೇ ಕಚ್ಚಾ ಬರೀರಿ ಸರ್, ನಾನು ಟೈಪ್ ಮಾಡ್ಕೊಡ್ತೀನಿ ಎಂದು ಹನುಮೇಶ್ ಕಂಪ್ಯೂಟರ್ ಚಾಲೂ ಮಾಡಿದ. ತನ್ನ ತಪ್ಪೊಪ್ಪಿಗೆಯ ಹಿಂದೆ ರುದ್ರಮುನಿ ಬರೆದ. ಈ ಸಲ ಕೈ ಓಡಲಿಲ್ಲ; ಹಾಗಂತ ನಿಲ್ಲಲೂ ಇಲ್ಲ. ಬಳಗದ ಗಮನಕ್ಕೆ ತಾರದೆ, ಬಳಗದ ಅನುಮತಿ ಪಡೆಯದೆ. ಹಿಂದಿನ ಪುಟದ ಅಕ್ಷರಗಳು ಒತ್ತಿ ಮೂಡಿ ಬೆರಳಿಗೆ ತಾಗುತ್ತಿದ್ದವು. ಸ್ವಂತ ಜವಾಬ್ದಾರಿಯಲ್ಲಿ ಮಳಿಗೆಯನ್ನು ತೆರೆದು. ಇಲ್ಲಿ ಅತಿಕ್ರಮಿಸಿ ಎಂಬ ಪದ ಹೆಚ್ಚು ಬಿಗಿಯಾಗುತ್ತದೆ ಎಂದು ಅವನ ಬುದ್ಧಿ ತಾನಾಗಿಯೇ ಸೂಚಿಸಿತು. ಅವನು ಅದನ್ನು ಬರೆಯಲಿಲ್ಲ. ಬರೆಯದೆ ಬಿಟ್ಟದ್ದನ್ನೇ ಒಂದು ಉಪಕಾರವೆಂಬಂತೆ ಒಂದು ಕ್ಷಣ ಎಣಿಸಿ, ನಾಚಿಕೊಂಡ. ಟೈಪಾಗಿ ಬಂದ ಹಾಳೆಗೆ ಸಹಿ ಹಾಕಿದ. ಅರ್ಜಿದಾರರೂ ಓದಿ ಒಪ್ಪಿ ಸಹಿ ಮಾಡಬೇಕು ಎಂದು ಹನುಮೇಶ್ ಅದನ್ನು ಬುಷ್ರಾಳ ಕೈಗೆ ಕೊಟ್ಟ.

ಹುಡುಗಿ ಅಮ್ಮನಿಗೆ ಕೇಳುವಂತೆ ಗಟ್ಟಿಯಾಗಿ ಓದಿದಳು. ಶಾಲೆಯಲ್ಲಿ ಪಾಠ ಓದುವವರ ಸ್ಪಷ್ಟ ಉಚ್ಚಾರ. ಅನುಮತಿ ಪಡೆಯದೆ ಎಂಬಲ್ಲಿ ನಿಲ್ಲಲಿಲ್ಲ. ಗಮನಕ್ಕೆ ತಾರದೆ ಎಂಬಲ್ಲಿಯೂ ನಿಲ್ಲಲಿಲ್ಲ. ಕೊನೆಯವರೆಗೆ ಓದಿ, ಮತ್ತೆ ಮೇಲಕ್ಕೆ ಹೋಗಿ ಒಂದು ಸಾಲನ್ನು ಮನಸ್ಸಿನಲ್ಲೇ ಓದಿಕೊಂಡಳು. ಸಹಿ ಮಾಡಿದಳು. ಆಮೇಲೆ ರುದ್ರಮುನಿಯನ್ನೇ ಕೇಳಿದಳು. ಬಂದಾಗಿನಿಂದ ಅವಳು ತಾನಾಗಿ ಅವನೊಂದಿಗೆ ಆಡಿದ ಮೊದಲ ಮಾತು ಅದು.

“ನಾಳೆ ಇಂಟರ್‌ವ್ಯೂದಾಗ, ಅಬ್ಬಾಗೆ ಬೀಗದ ಕೈ ಎಲ್ಲಿಂದ ಬಂತು ಅಂತ ಕೇಳಿದ್ರೆ ಏನು ಹೇಳ್ಲಿ ಸರ್?”

ನಾಲ್ಕು ವರ್ಷದ ಹಿಂದಿನ ಏಪ್ರಿಲ್ ಕೊನೆಯ ವಾರ, ಹನ್ನೊಂದು ಗಂಟೆಯ ಬಿಸಿಲು, ಬೀದಿಯಲ್ಲಿ ನಾಯಿಯೂ ಇಲ್ಲ. ಕೆಳಗೆ ಟಿವಿಎಸ್ ಗಾಡಿಯ ಸದ್ದು ನಿಂತಿತು. ಗೇಟಿನ ಆಚೆ ಕುತುಬುದ್ದೀನ್, ಎದೆಗೆ ಲಾಕ್‌ಡೌನ್ ಪಾಸು ಪಿನ್ನು ಮಾಡಿಕೊಂಡು, ಗುರುಗಳೇ, ಬೀಗದ ಕೈ ಕೊಡ್ರಿ, ಮೂರು ಮನಿಯೋರು ಕಾಯಾಕತ್ಯಾರೆ ಅಂದ. ಅಕ್ಕನಾಗಮ್ಮ ಗೇಟು ತೆಗಿಬ್ಯಾಡ್ರಿ ಎಂದು ಒಳಗಿನಿಂದ ಸನ್ನೆ ಮಾಡಿದಳು. ಅವಳು ಸನ್ನೆ ಮಾಡದಿದ್ದರೂ ಅವನು ತೆಗೆಯುತ್ತಿರಲಿಲ್ಲ. ಮಾಸ್ಕಿನ ಮೇಲೆ ಮಾಸ್ಕು ಹಾಕಿಕೊಂಡು ಬಾಲ್ಕನಿಗೆ ಬಂದು, ಇನ್ನೂ ಹಿಂದೆ ಸರೀರಿ, ಇನ್ನೂ ಹಿಂದೆ ಎಂದು ಅವನನ್ನು ರಸ್ತೆಯ ಆ ಕಡೆಗೆ ಸರಿಸಿ, ಬೀಗದ ಕೈಯನ್ನು ಹಾಲಿನ ಕವರಿನಲ್ಲಿ ಸುತ್ತಿ ಎಸೆದ. ಅದು ಕೇಬಲ್ ತಂತಿಗೆ ತಾಗಿ ಮನೆ ಮುಂದಿನ ತೆರೆದ ಮೋರಿಗೆ ಬಿತ್ತು. ಕುತುಬುದ್ದೀನ್ ಒಂದು ಕ್ಷಣ ಮೋರಿಯನ್ನು ನೋಡಿದ, ಒಂದು ಕ್ಷಣ ಮೇಲೆ ನೋಡಿದ. ಆಮೇಲೆ ಅಂಗಿಯ ತೋಳು ಮಡಚಿ, ಮಂಡಿಯೂರಿ, ಮೊಣಕೈವರೆಗೆ ಕೈ ಇಳಿಬಿಟ್ಟು ತಡಕಿದ. ಬಹಳ ಹೊತ್ತು ತಡಕಬೇಕಾಯಿತು. ಕಪ್ಪು ಕೆಸರು ಸೋರುವ ಕೈಯನ್ನು ಎತ್ತಿ ಹಿಡಿದು, ಸಿಕ್ತು ಗುರುಗಳೇ ಎಂದು ನಕ್ಕ. ಕೈಗೆ ಸ್ಯಾನಿಟೈಸರ್ ಹಾಕ್ಕೊಳ್ರಿ ಎಂದು ಹೇಳಿ ರುದ್ರಮುನಿ ಬಾಲ್ಕನಿಯ ಬಾಗಿಲು ಹಾಕಿಕೊಂಡ. ಯಾರೂ ನೋಡಲಿಲ್ಲ ಎಂದು ಖಚಿತಪಡಿಸಿಕೊಳ್ಳಲು ಪರದೆ ಸರಿಸಿ ಒಮ್ಮೆ ಇಣುಕಿದ್ದ. ಕುತುಬುದ್ದೀನ್ ಆಗಲೇ ಹೊರಟಿದ್ದ, ಒಂದೇ ಕೈಯಲ್ಲಿ ಗಾಡಿ ಹಿಡಿದು.

ನಾನೇ ಕೊಟ್ಟೆ ಎಂದು ಹೇಳಲು ಅವನು ಬಾಯಿ ತೆರೆದ. ಹೇಳಿದರೆ ಸಹಿಯಾದ ಕಾಗದ ಕೆಡುತ್ತದೆ. ಹೇಳದಿದ್ದರೆ ಹುಡುಗಿ ತನ್ನ ಅಪ್ಪ ಕಳ್ಳ ಬೀಗದ ಕೈ ಮಾಡಿಸಿದ ಎಂದು ನಾಲ್ಕು ಜನರ ಮುಂದೆ ಹೇಳಬೇಕು. ಹನುಮೇಶ್ ಕುತೂಹಲದಿಂದ ನೋಡುತ್ತಿದ್ದ.

“ಮೋರಿಯಾಗ ಸಿಕ್ತು ಅನ್ನು,” ಅಂದಳು ರಹೀಮುನ್ನೀಸಾ.

ಅವಳು ರುದ್ರಮುನಿಯ ಕಡೆ ನೋಡಲಿಲ್ಲ. ಅರ್ಜಿಯನ್ನು ಸೀರೆ ಕವರಿನೊಳಗೆ ಮಡಿಕೆ ಬೀಳದ ಹಾಗೆ ಸರಿಸುತ್ತಿದ್ದಳು.

“ಮೋರಿಯಾಗಾ?” ಹುಡುಗಿ ಕೇಳಿದಳು.

“ಹ್ಞೂಂ. ಮೋರಿಯಾಗ ಬಿದ್ದಿತ್ತು, ಅಬ್ಬಾ ಕೈ ಹಾಕಿ ತಗಂಡ್ರು ಅನ್ನು. ಮನಿಗೆ ಬಂದು ನಕ್ಕೋಂತ ಹೇಳಿದ್ರು ಅನ್ನು. ಯಾರ ಹೆಸ್ರೂ ಬ್ಯಾಡ.”

ಹುಡುಗಿ ಅದನ್ನು ತುಟಿಯಲ್ಲೇ ಒಮ್ಮೆ ಹೇಳಿಕೊಂಡಳು, ಪರೀಕ್ಷೆಗೆ ಕಂಠಪಾಠ ಮಾಡುವ ಹಾಗೆ. ಹನುಮೇಶ್ ಸೀಲನ್ನು ಇಂಕಿನ ಪ್ಯಾಡಿನ ಮೇಲೆ ಒತ್ತಿ ಹಿಡಿದು, ಇವತ್ತು ತಾರೀಖು ಎಷ್ಟು ಸರ್ ಎಂದು ಕೇಳಿದ. ರುದ್ರಮುನಿ ತಾರೀಖು ಹೇಳಿದ.